ಬಲಗಾಲಿನ ತಪ್ಪಲ್ಲ

ಮನೆ, ಊಟದ ಮೇಜು
ಮಂಗಳವಾರ, ಮಾರ್ಚ್ ೧೦

ಪ್ರೀತಿಯ ಅಪ್ಪಾ,

ನಿನ್ನೆ ನಿಮಗೊಂದು ಕಾಗದ ಬರೆದಿದ್ದೆ. ಗಾಡಿ ರಿಪೇರಿಯಾಯಿತು, ಟ್ಯಾಂಕಿನಲ್ಲಿ ಕಸ ಸೇರಿತ್ತಂತೆ, ಚಿಂತೆ ಬೇಡ ಎಂದು ಮೂರು ಸಾಲು. ಲಕೋಟೆ ಅಂಟಿಸಿದ ಮೇಲೆ ಹರಿದು ಹಾಕಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದು ಎಂಥ ಕಸ, ಯಾರಿಂದ ಬಂತು ಎನ್ನುವುದನ್ನು ನುಂಗಿಕೊಂಡಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ಅಲ್ಲಿ ತಮ್ಮ ಫೋನಿನ ಸ್ಪೀಕರ್ ಹಾಕಿಬಿಡುತ್ತಾನೆ, ನಾನೂ ‘ಸಾರಿ ಅಪ್ಪ’ ಎಂದು ಜಾರಿಕೊಳ್ಳುತ್ತೇನೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ಚಾಳಿ. ಕನ್ನಡದಲ್ಲಿ ನನ್ನ ಕೈ ನಿಧಾನ, ಹಾಗಾಗಿ ತಪ್ಪಿಸಿಕೊಂಡು ಓಡುವುದು ಕಷ್ಟ.

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಬಲಗಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಬೆಳಿಗ್ಗೆ, ಸಂಜೆ ನೂರು ಸಲ ಎತ್ತಿ ಇಳಿಸುತ್ತೀರಂತೆ. ‘ಎಣಿಸೋದು ತಪ್ಪಿದ್ರೆ ಮತ್ತೆ ಒಂದರಿಂದ ಶುರು ಮಾಡ್ತಾರೆ ಕಣಕ್ಕಾ’ ಎಂದು ತಮ್ಮ ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ಅಮ್ಮ ಪರವಾಗಿಲ್ಲ. ಸೋಮ, ಬುಧ, ಶುಕ್ರ ಡಯಾಲಿಸಿಸ್ ತಪ್ಪಿಲ್ಲ. ಒಂದು ಸಲ ಮಾತ್ರ ಒಂದೂವರೆ ಗಂಟೆ ತಡವಾಯಿತು. ಅದನ್ನು ನಿಮಗೆ ಯಾರೂ ಹೇಳಿಲ್ಲ.

ಜನವರಿಯಲ್ಲಿ ನೀವು ಮೂರು ಸಲ ಹೇಳಿದಿರಿ: ಆಸ್ಪತ್ರೆಯ ಏರಿನಲ್ಲಿ ಗಾಡಿ ಇದ್ದಕ್ಕಿದ್ದಂತೆ ಸೋಲುತ್ತದೆ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಸರಿಹೋಗುತ್ತದೆ. ಗ್ಯಾರೇಜಿಗೆ ಕಳಿಸಿದರೆ ಎರಡು ಸುತ್ತು ಓಡಿಸಿ ಏನೂ ಇಲ್ಲವೆಂದರು. ಆಗ ನಾನು ಇದೇ ಮೇಜಿನ ಎದುರು, ‘ಗಾಡಿಗೇನೂ ಆಗಿಲ್ಲ ಅಪ್ಪಾ, ನಿಮ್ಮ ಕಾಲಲ್ಲಿ ಮೊದಲಿನ ಬಲ ಇಲ್ಲ’ ಎಂದೆ. ‘ಕಾಲು ನಂದು ಪುಟ್ಟೀ. ಒತ್ತಿದೆನೋ ಇಲ್ವೋ ನನಗೆ ಗೊತ್ತಾಗಲ್ವಾ?’ ಎಂದಿರಿ. ಆಮೇಲೆ ಕೀಯನ್ನು ಕರ್ಚೀಫಿನಲ್ಲಿ ಒರೆಸಿ ನನ್ನ ತಟ್ಟೆಯ ಪಕ್ಕ ಇಟ್ಟಿರಿ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಸ್ವಲ್ಪ ದಿನ ತಮ್ಮನ ಮನೆಯಲ್ಲಿದ್ದು ಬನ್ನಿ ಎಂದವಳೂ ನಾನೇ.

ನೀವು ಹೋದ ಐದನೇ ದಿನ ಅದೇ ಏರಿನಲ್ಲಿ ಗಾಡಿ ನನ್ನ ಕೈಯಲ್ಲೂ ಸೋತಿತು. ಪಾದ ಪೂರ್ತಿ ಒತ್ತಿದ್ದೇನೆ, ಇಂಜಿನ್ ಮಾತ್ರ ಉಸಿರುಕಟ್ಟಿದವರ ಹಾಗೆ ಗುಂಯ್ ಎನ್ನುತ್ತಿದೆ. ಹಿಂದೆ ಜಲ್ಲಿ ತುಂಬಿದ ಲಾರಿ, ಅದರ ಹಾರ್ನ್ ನಮ್ಮ ಬೆನ್ನಿಗೇ ಬಡಿಯುತ್ತಿತ್ತು. ಹೇಗೋ ಬದಿಗೆ ತಂದು ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಊದಿದ ಕಾಲು ಚಾಚಿ ಕೂತಿದ್ದ ಅಮ್ಮ, ‘ನಿಮ್ಮಪ್ಪ ಹೇಳ್ತಿದ್ದದ್ದು ಇದನ್ನೇ ಅಲ್ವೇನೇ?’ ಎಂದಳು. ‘ಡೀಸೆಲ್ ಸರಿಯಿಲ್ಲಮ್ಮ’ ಎಂದೆ. ಹತ್ತು ನಿಮಿಷದ ಮೇಲೆ ಗಾಡಿ ಏನೂ ನಡೆದೇ ಇಲ್ಲವೆಂಬಂತೆ ಹತ್ತಿತು. ಅಂದೇ ನಿಮಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಎರಡನೇ ಸಲ ನಡು ಏರಿನಲ್ಲಿ ಮತ್ತೆ ಮತ್ತೆ ನಿಂತು ಅಮ್ಮನಿಗೆ ತಡವಾಯಿತು, ಉಸಿರಾಟ ಭಾರವಾಯಿತು. ನರ್ಸ್ ಗಡಿಯಾರ ನೋಡಿ ನನ್ನ ಮುಖ ನೋಡಿದಳು. ಮರುದಿನವೇ ಕಿವಿ ಡಾಕ್ಟರ ಗ್ಯಾರೇಜಿಗೆ ಹೋದೆ. ಉದ್ದ ಸ್ಕ್ರೂಡ್ರೈವರನ್ನು ಇಂಜಿನ್ನಿಗೆ ಒತ್ತಿ ಹಿಡಿಗೆ ಕಿವಿ ಕೊಡುವ ಆ ಮೆಕ್ಯಾನಿಕ್‌ಗೆ ಈ ಹೆಸರಿಟ್ಟವರು ನೀವೇ.

‘ಅಕ್ಕಾ, ಇದು ನನ್ನ ಮುಂದೆ ಬಂದ್ರೆ ಸಾಧು ಆಗ್ಬಿಡುತ್ತೆ. ಯಾವಾಗ ಸೋಲುತ್ತೆ, ಎಲ್ಲಿ ಸೋಲುತ್ತೆ, ಎಷ್ಟು ಹೊತ್ತು ನಿಂತ್ರೆ ಏಳುತ್ತೆ, ಬರೆದಿಟ್ಟು ತನ್ನಿ’ ಎಂದರು. ಎರಡು ವಾರ ಬರೆದೆ. ಸಂತೆಬೀದಿಯ ನಿಧಾನದಲ್ಲಿ ಒಂದು ಸಲವೂ ಇಲ್ಲ. ಜೋರಾಗಿ ಎಳೆಯುವಾಗ ಮಾತ್ರ. ಕಪ್ಪು ಹೊಗೆ ಇಲ್ಲ. ಆಫ್ ಮಾಡಿದರೆ ಹತ್ತು ನಿಮಿಷಕ್ಕೆ ಸರಿ. ಅವರು ಏರ್ ಫಿಲ್ಟರ್ ತೆಗೆದು ನೋಡಿದರು, ಡೀಸೆಲ್ ಫಿಲ್ಟರ್ ಬದಲಾಯಿಸಿದರು. ‘ನನಗೂ ಅದಕ್ಕೂ ಒಂದೇ ಕಾಯಿಲೆ, ಸೋಸೋದು ಕೆಟ್ಟಿದೆ’ ಎಂದು ಅಮ್ಮ ನಕ್ಕಳು. ಫಿಲ್ಟರ್ ಬದಲಾದ ಮೇಲೂ ಸೋತಿತು. ಕೊನೆಗೆ ಅವರು ಇಂಜಿನ್ ಪಕ್ಕ ಒಂದು ಕ್ಯಾನ್ ಕಟ್ಟಿ, ಟ್ಯಾಂಕನ್ನು ಬಿಟ್ಟು ಅದರಿಂದಲೇ ಡೀಸೆಲ್ ಕುಡಿಯುವಂತೆ ಪೈಪು ಜೋಡಿಸಿದರು. ನಾನು ಪಕ್ಕದಲ್ಲಿ ಸೀಟಿನ ಅಂಚು ಹಿಡಿದು ಕೂತಿದ್ದೆ. ಏಳು ಸಲ ಏರು ಹತ್ತಿದೆವು. ಒಂದು ಸಲವೂ ಸೋಲಲಿಲ್ಲ. ‘ಇಂಜಿನ್ ಗಟ್ಟಿ, ಪಂಪೂ ಗಟ್ಟಿ. ಟ್ಯಾಂಕಿನ ಕಡೆ ಯಾರೋ ಗಂಟಲು ಹಿಡಿದಿದ್ದಾರೆ’ ಎಂದರು.

ಶನಿವಾರ ಟ್ಯಾಂಕ್ ಇಳಿಸಿ, ತಂತಿಯ ಕೊಕ್ಕೆ ಹಾಕಿ ಎಳೆದರು. ಕಪ್ಪಾದ ಒಂದು ಬಟ್ಟೆ ಬಂತು. ಇಂಜಿನ್ ಜೋರಾಗಿ ಹೀರಿದಾಗ ಅದು ಕೊಳವೆಯ ಬಾಯಿಗೆ ಅಂಟಿಕೊಳ್ಳುತ್ತಿತ್ತಂತೆ, ನಿಲ್ಲಿಸಿದರೆ ಮೆಲ್ಲಗೆ ಕಳಚಿಕೊಳ್ಳುತ್ತಿತ್ತಂತೆ. ಹಿಂಡಿದಾಗ ನೀಲಿ ಗೀಟು ಕಾಣಿಸಿತು.

ನಿಮ್ಮ ಹಳೆಯ ಗೀಟಿನ ಅಂಗಿಯ ತೋಳು, ಅಪ್ಪಾ. ಕ್ಯಾನಿನಿಂದ ಡೀಸೆಲ್ ಹಾಕುವಾಗ ಆಲಿಕೆಯ ಮೇಲೆ ಆ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ದಾರ ಕಟ್ಟಿ, ಸೋಸಿಯೇ ಹಾಕಬೇಕೆಂದು ನನಗೆ ಕಲಿಸಿದ್ದಿರಿ. ಡಿಸೆಂಬರಿನಲ್ಲಿ ನಿಮಗೆ ಜ್ವರ ಬಂದಾಗ ಡೀಸೆಲ್ ಮುಗಿದು ಗಾಡಿ ಬೀದಿಯ ತಿರುವಿನಲ್ಲಿ ನಿಂತಿತ್ತಲ್ಲ, ಕ್ಯಾನಿನಲ್ಲಿ ತಂದು ಹಾಕಿದವಳು ನಾನು. ಬಟ್ಟೆ ಇಟ್ಟೆ, ದಾರ ಕಟ್ಟಲಿಲ್ಲ. ಹಾಕಿ ಮುಗಿಸಿ ನೋಡಿದರೆ ಬಟ್ಟೆ ಇಲ್ಲ. ಗಾಳಿಗೆ ಹಾರಿರಬೇಕೆಂದುಕೊಂಡೆ. ನಿಜವಾಗಿ ಹಾಗೆ ನಂಬಿದ್ದೆನೇ? ಆವತ್ತು ಎಲೆಯೂ ಅಲ್ಲಾಡುತ್ತಿರಲಿಲ್ಲ. ‘ಸೋಸೋ ಬಟ್ಟೆ ಎಲ್ಲಮ್ಮಾ?’ ಎಂದು ನೀವು ಹಾಸಿಗೆಯಿಂದಲೇ ಕೇಳಿದಿರಿ. ‘ಒಗೆಯೋಕೆ ಹಾಕಿದೀನಿ’ ಎಂದೆ.

ಬಟ್ಟೆ ಕೈಯಲ್ಲಿ ಹಿಡಿದ ಕಿವಿ ಡಾಕ್ಟರು, ‘ಇದು ಯಜಮಾನ್ರ ಕೆಲಸವೇ. ಅವರಿಗೆ ಶುಚಿ ಒಂದು ಕೈ ಜಾಸ್ತಿ. ವಯಸ್ಸಾಯ್ತಲ್ಲ, ಮರ್ತಿರ್ತಾರೆ’ ಎಂದರು. ನಾನು ಹೂಂ ಎಂದೆ. ಆ ಹೂಂ ಹೇಗೆ ಬಾಯಿಂದ ಬಂತೋ ಇವತ್ತಿಗೂ ತಿಳಿಯದು. ಇವತ್ತು ಬೆಳಿಗ್ಗೆ ಮತ್ತೆ ಹೋಗಿ, ಹಾಕಿದ್ದು ನಾನು ಎಂದು ಹೇಳಿ ಬಂದೆ. ‘ಇಷ್ಟಕ್ಕೆ ಇಲ್ಲೀವರೆಗೂ ಬಂದ್ರಾ?’ ಎಂದು ನಕ್ಕರು. ಆಮೇಲೆ ತಲೆಯೆತ್ತದೆ, ಕೈ ಒರೆಸಿಕೊಳ್ಳುತ್ತಾ, ‘ಯಜಮಾನ್ರಿಗೆ ಹೇಳಿದ್ರಾ?’ ಎಂದು ಕೇಳಿದರು.

ಯಾವಾಗ, ಎಲ್ಲಿ, ಎಷ್ಟು ಹೊತ್ತು ಎಂದು ಎರಡು ವಾರ ಗಾಡಿಯ ಬೆನ್ನು ಹತ್ತಿ ಬರೆದೆನಲ್ಲ, ಅದನ್ನೇ ಜನವರಿಯಲ್ಲಿ ನಿಮ್ಮನ್ನು ಕೂರಿಸಿ ಕೇಳಿದ್ದರೆ ಐದು ನಿಮಿಷದ ಮಾತಾಗುತ್ತಿತ್ತು. ನೀವಾಗಿಯೇ ಹೇಳುತ್ತಲೂ ಇದ್ದಿರಿ. ನಾನು ನಿಮ್ಮ ವಯಸ್ಸನ್ನಷ್ಟೇ ಕೇಳಿಸಿಕೊಂಡೆ.

ತಮ್ಮನಿಗೂ ಅವನ ಹೆಂಡತಿಗೂ ನೆನಪು ತಿಳಿಸಿ. ನಿಮಗೆ ನಮಸ್ಕಾರ ಬರೆಯಲು ಕೈ ಹಿಂಜರಿಯುತ್ತದೆ, ಆದರೂ ನಮಸ್ಕಾರ.

ನಿಮ್ಮ
ಪುಟ್ಟಿ

ಮರೆತಿದ್ದೆ: ಕೀ ಬಾಗಿಲ ಪಕ್ಕ ನಿಮ್ಮ ಮೊಳೆಯಲ್ಲೇ ತೂಗುತ್ತಿದೆ. ಮರಳಿನ ಚೀಲ ಬಿಚ್ಚಿಡಿ ಅಪ್ಪಾ, ನಿಮ್ಮ ಕಾಲಿಗೆ ಏನೂ ಆಗಿರಲಿಲ್ಲ. ಬಂದು ಆ ಏರನ್ನು ನೀವೇ ಹತ್ತಿಸಿ, ನಾನು ಪಕ್ಕದಲ್ಲಿ ಕೂರುತ್ತೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ‘ಸೋಸದೆ ನೀರೂ ಕುಡಿಯಲ್ಲ, ನೋಡು ಏನ್ಮಾಡಿದ್ರು’ ಎಂದು ಶನಿವಾರದಿಂದ ನಿಮ್ಮನ್ನೇ ಬೈಯುತ್ತಿದ್ದಾಳೆ, ನಾನು ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೇನೆ. ಅಂಚೆ ಡಬ್ಬಿ ಇರುವುದು ಆಸ್ಪತ್ರೆಯ ಗೇಟಿನಲ್ಲಿ. ಏರು ಶುರುವಾಗುವ ಮೊದಲೇ ಗಾಡಿ ನಿಲ್ಲಿಸಿ ಅವಳಿಗೆ ಇದನ್ನು ಪೂರ್ತಿ ಓದಿ ಹೇಳುತ್ತೇನೆ, ಆಮೇಲೆ ಡಬ್ಬಿಗೆ ಹಾಕುತ್ತೇನೆ. ನಾಳೆ, ಬುಧವಾರ, ಮಾರ್ಚ್ ೧೧.