ಹಸಿರು ಚುಕ್ಕೆಗಳು ಜಾಗ ಬದಲಿಸಿದವು

ಗುರುವಾರ, ಅಕ್ಟೋಬರ್ 12

ಅಮ್ಮ ಇನ್ನೂ ನನ್ನೊಡನೆ ಮಾತಾಡಿಲ್ಲ. ಆದರೆ ಅರಿಜೋನಾದ ಈ ಸೆಕೆಯಲ್ಲೂ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದಾಳೆ.

ಯಾವ ಬೀದಿಯಲ್ಲಿ ಏನು ಕಟ್ಟಬಹುದು, ಏನು ನಡೆಸಬಹುದು ಎಂಬ ನಿಯಮಗಳಲ್ಲಿ ಮೊದಲು ಯಾವುದನ್ನು ತಿದ್ದಬೇಕೆಂದು ಕೇಳಲು ನಗರಸಭೆಯವರು ನಿನ್ನೆ ಸಭೆ ಕರೆದಿದ್ದರು. ಗೋಡೆಯ ತುಂಬ ಹಾಳೆಗಳು, ಒಂದೊಂದಕ್ಕೆ ಒಂದೊಂದು ವಿಷಯ. ಒಬ್ಬೊಬ್ಬರಿಗೆ ಮೂರು ಹಸಿರು ಚುಕ್ಕೆ. ಬೇಕಾದ ಹಾಳೆಗೆ ಅಂಟಿಸಬೇಕು; ಹೆಚ್ಚು ಚುಕ್ಕೆ ಬಿದ್ದದ್ದಕ್ಕೆ ಮೊದಲ ಸರದಿ. ಪಾರ್ಕಿಂಗ್ ಹಾಳೆ ಆಗಲೇ ಹಸಿರಾಗಿತ್ತು. ‘ಮನೆಯಲ್ಲೇ ಕಸುಬು’ ಹಾಳೆಯಲ್ಲಿ ಅಮ್ಮನ ಮತ್ತು ನನ್ನ ಚುಕ್ಕೆಗಳಷ್ಟೇ.

“ಇದು ಯಾಕೆ ಮುಖ್ಯ, ಯಾರಾದರೂ ಹೇಳ್ತೀರಾ?” ಎಂದರು ಅಧಿಕಾರಿ, ನಮ್ಮ ಹಾಳೆ ತೋರಿಸಿ.

ನಾನು ಎದ್ದೆ. “ನಮ್ಮಮ್ಮ ಗ್ಯಾರೇಜಲ್ಲಿ ಕ್ಷೌರ ಮಾಡ್ತಾಳೆ. ಈಗಿನ ನಿಯಮದಲ್ಲಿ ಅದು ತಪ್ಪು. ಒಬ್ಬರು ದೂರು ಕೊಟ್ಟರೂ ಮುಚ್ಚಬೇಕು.”

ಅಮ್ಮ ನನ್ನ ಜಡೆ ಎಳೆದಳು. “ಬಾಯ್ಮುಚ್ಚೇ! ನೀನು ಸ್ಕೂಲು ಬಿಟ್ಟಿದ್ದು ಸಾಲ್ದು ಅಂತ ನನ್ನ ಕಸುಬನ್ನೂ ಬಿಡಿಸ್ತೀಯಾ?”

ಅಷ್ಟರಲ್ಲಿ ಪಕ್ಕದ ಮನೆಯ ಎಲ್ವೀರಜ್ಜಿ ಎದ್ದಳು. “ನೀವೆಲ್ಲ ತಿನ್ನೋ ನನ್ನ ತಮಾಲೆ ಕಡುಬು ಎಲ್ಲಿ ಬೇಯತ್ತೆ ಅಂದ್ಕೊಂಡ್ರಿ? ನಮ್ಮನೇಲೇ ಕಣ್ರಪ್ಪಾ!”

ಸಭೆ ಗೊಳ್ಳೆಂದಿತು. ಮನೆಯಲ್ಲೇ ಸೈಕಲ್ ರಿಪೇರಿ ಮಾಡುವ ರೊಹೆಲಿಯೊ ತಾನು ಪಾರ್ಕಿಂಗಿಗೆ ಅಂಟಿಸಿದ್ದ ಚುಕ್ಕೆಗಳನ್ನು ಉಗುರಿನಿಂದ ಎಬ್ಬಿಸಿ ನಮ್ಮ ಹಾಳೆಗೆ ತಂದ. ಅವನ ಹಿಂದೆಯೇ ಸಾಲು ಬೆಳೆಯಿತು. ಕೊನೆಗೆ ನಮ್ಮದೇ ಮೊದಲು.

ಹೊರಡುವಾಗ ಅಧಿಕಾರಿ ಅಮ್ಮನೆದುರು ತಲೆ ಸವರಿಕೊಂಡು, “ಶನಿವಾರ ಬರಲಾ ಅಮ್ಮಾ?” ಎಂದರು.

“ಮೊದ್ಲು ನಿಯಮ ತಿದ್ದಿ ಸ್ವಾಮಿ. ಅಲ್ಲೀವರೆಗೂ ಕೂದಲು ಬೆಳೀಲಿ.”