ಉಪ್ಪು ಹೊರುವವಳ ದಣಿಬಳೆ

೨೩೪೧ನೆಯ ಇಸವಿ, ಹದಿಮೂರನೆಯ ತಿಂಗಳು, ನಲವತ್ತನೆಯ ದಿನ
ಹೊಸ ಕಡಲಂಚಿನ ಉಪ್ಪಿನಾಗರ

ಕೈಗೆ ಕಟ್ಟುವ ಯಂತ್ರಕ್ಕೆ ಸೂತ್ರ ಬರೆಯುತ್ತಿರುವ ಹಿರಿಯರಿಗೆ ಸಾತು ಮಾಡುವ ನಮಸ್ಕಾರ.

ತಾರೀಖು ಕಂಡು ಗಾಬರಿಯಾಗಬೇಡಿ, ನಮ್ಮ ತಿಂಗಳ ಲೆಕ್ಕವೇ ಬೇರೆ. ನನ್ನ ಮಾತು ಒರಟೆನಿಸಿದರೆ ಕ್ಷಮಿಸಿ. ಮುನ್ನೂರು ವರ್ಷದಲ್ಲಿ ಭಾಷೆಯೂ ಸವೆದಿದೆ. ನಿಮ್ಮ ಯಂತ್ರವನ್ನು ನಾವು ದಣಿಬಳೆ ಎನ್ನುತ್ತೇವೆ. ಕೈ ಎಷ್ಟು ಅಲುಗಿತೆಂದು ನೋಡಿ, ಮೈ ಎಷ್ಟು ಶಕ್ತಿ ಸುಟ್ಟಿತೆಂದು ಅದು ಅಂದಾಜು ಹೇಳುತ್ತದೆ. ಇಲ್ಲಿ ಯಾರ ಮನೆಯಲ್ಲೂ ಒಲೆಯಿಲ್ಲ. ಎಲ್ಲರೂ ತುತ್ತುಮನೆಗೆ, ಅಂದರೆ ಊರಿಗಿರುವ ಒಂದೇ ಅಡುಗೆಮನೆಗೆ ಬರುತ್ತಾರೆ. ಬಳೆ ಹೇಳಿದಷ್ಟು ಸೌಟು ಗಂಜಿ ಬಡಿಸುವವಳು ನಾನು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಿಮ್ಮ ಕಾಲದಲ್ಲಿ ಹೇಳುತ್ತಿದ್ದರಂತೆ. ನಮ್ಮಲ್ಲಿ ಕೆಸರೂ ಬೇಡ, ಕೈ ಅಲುಗಿದರೆ ಸಾಕು. ನಮ್ಮ ಮೇಸ್ತ್ರಿ ನೆರಳಲ್ಲಿ ಕೂತು ದಿನವಿಡೀ ಬೀಸಣಿಗೆ ಬೀಸಿಕೊಳ್ಳುತ್ತಾನೆ. ಬಳೆಯ ಪ್ರಕಾರ ಮಹಾರಾಯ ಗುಡ್ಡ ಹತ್ತಿ ಇಳಿದಿರುತ್ತಾನೆ. ಅವನಿಗೆ ನಾಲ್ಕು ಸೌಟು.

ಬುದವಂತಿ ಉಪ್ಪಿನ ಗದ್ದೆಯಿಂದ ದಡಕ್ಕೆ ತಲೆಯ ಮೇಲೆ ಉಪ್ಪು ಹೊರುವವಳು. ಎರಡೂ ಕೈಯಲ್ಲಿ ಬುಟ್ಟಿಯ ಅಂಚು ಹಿಡಿದು ಒಂದಡಿ ಅಗಲದ ಬದುವಿನ ಮೇಲೆ ನಡೆಯುತ್ತಾಳೆ. ಕೈ ಒಂದಿಷ್ಟೂ ಮಿಸುಕುವುದಿಲ್ಲ. ಬಳೆ ಅದನ್ನು ‘ವಿಶ್ರಾಂತಿ’ ಎನ್ನುತ್ತದೆ. ಅವಳಿಗೆ ಒಂದೂವರೆ ಸೌಟು. ಯಂತ್ರ ಸುಳ್ಳಾಡೀತೇ ಎಂದುಕೊಂಡು ಎರಡು ತಿಂಗಳು ಹಾಗೆಯೇ ಬಡಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಒಂದು ಮಧ್ಯಾಹ್ನ ಅವಳು ಬಟ್ಟಲು ಹಿಡಿದು ಗೋಡೆಗೆ ಒರಗಿದಳು.

“ಸಾತೂ, ಕೈ ಅಲುಗಿದ್ರೆ ಉಪ್ಪು ಚೆಲ್ತದೆ. ಅಲುಗ್ದೇ ಇದ್ರೆ ಗಂಜಿ ಇಲ್ಲ. ನಾ ಎಂತ ಮಾಡೂದೇ, ನೀನೇ ಹೇಳು” ಎಂದಳು.

ಅಂದಿನಿಂದ ಅವಳು ಕೆಲಸಕ್ಕೆ ಹೋಗುವಾಗ ಬಳೆ ಬಿಚ್ಚಿ ನನಗೆ ಕೊಡುತ್ತಾಳೆ. ಅದನ್ನು ತೊಟ್ಟು ನಾನು ಹಂಡೆಯಲ್ಲಿ ಗಂಜಿ ತಿರುವುತ್ತೇನೆ. ತಿರುವುವವಳು ನಾನು, ನಾಲ್ಕು ಸೌಟು ಉಣ್ಣುವವಳು ಅವಳು. ಮೋಸ ಹೌದು. ಬುದವಂತಿಯ ಕೆನ್ನೆ ಮಾತ್ರ ತುಂಬಿಕೊಂಡಿದೆ.

ಆದರೆ ಬರುವ ತಿಂಗಳಿಂದ ಬಳೆಗಳಿಗೆ ಬೀಗ ಹಾಕುತ್ತಾರೆ, ಆಮೇಲೆ ಬಿಚ್ಚಲಾಗದು. ನಿಮ್ಮ ಹಳೆಯ ಕಾಗದಗಳನ್ನು ಹುಡುಕಿ ಓದಿದೆ. ಜನರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಮುಖಕ್ಕೆ ಮುಸುಕು ಕಟ್ಟಿ, ಮೈ ಸುಟ್ಟ ಶಕ್ತಿ ತಿಳಿಯಲು ಉಸಿರು ಅಳೆದು ಸೂತ್ರ ಹೊಂದಿಸಿದಿರಂತೆ. ನಡೆದವರೆಲ್ಲ ಬರಿಗೈಯಲ್ಲಿ ನಡೆದರು. ದಯವಿಟ್ಟು, ಸೂತ್ರ ಮುಗಿಸುವ ಮುನ್ನ ಒಬ್ಬಳ ತಲೆಯ ಮೇಲೆ ತುಂಬಿದ ಬುಟ್ಟಿ ಹೊರಿಸಿ ಅವಳ ಉಸಿರನ್ನೂ ಅಳೆಯಿರಿ. ಒಬ್ಬಳೇ ಸಾಕು.

ಬುದವಂತಿ ಈಗ ನನ್ನೆದುರು ಕೂತು ಉಣ್ಣುತ್ತಿದ್ದಾಳೆ. ಬೀಗಕ್ಕೆ ಇನ್ನು ಹನ್ನೊಂದು ದಿನ.

ಸಾತು