ಒರೆಸಿಹೋದ ನೀಲಿ ಚುಕ್ಕಿ

ಶನಿವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ ಎರಡೂವರೆ, ಎರಡನೇ ಮಹಡಿಯ ಮೈಕ್ರೋಸ್ಕೋಪ್ ಕೋಣೆ

ನಾಲ್ಕನೇ ಮಹಡಿಯ ಸರ್ಜನ್ ಸಾಹೇಬನಿಗೆ, ಅಂದರೆ ನಿನಗೆ,

ಹದಿನೈದು ತಿಂಗಳಾದ ಮೇಲೆ ನನ್ನ ಅಕ್ಷರ ನೋಡುತ್ತಿದ್ದೀಯ. ಸಿಟ್ಟಿನಲ್ಲಿ ಲಕೋಟೆಯನ್ನು ಹಿಸುಕಿ ಬುಟ್ಟಿಗೆ ಎಸೆಯಬೇಡ, ಒಳಗೆ ಗಾಜಿದೆ, ಕೈಗೆ ಚುಚ್ಚೀತು. ನಿನ್ನೆ ನಿನಗೆ ಆರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಿನ್ನ ಓಪಿಡಿಯ ಸಿಸ್ಟರ್, ಡಾಕ್ಟ್ರು ನಿಮ್ ಫೋನ್ ಬಂದ್ರೆ ಕೊಡಬೇಡಿ ಅಂದಿದಾರೆ ಮೇಡಂ ಅಂತ ಪಾಪ ಸಂಕೋಚಪಟ್ಟುಕೊಂಡು ಹೇಳಿದಳು. ಇದು ನಮ್ಮಿಬ್ಬರ ಜಗಳದ ಪತ್ರವಲ್ಲ. ಪೂರ್ತಿ ಓದು.

ಸೋಮವಾರ ಬೆಳಿಗ್ಗೆ ಒಬ್ಬ ಹೊಲಿಗೆ ಹೆಂಗಸು ನಿನ್ನ ಹತ್ತಿರ ಬರುತ್ತಾಳೆ. ಕಳೆದ ತಿಂಗಳು ಅವಳ ಎಡ ಸ್ತನದ ಗಡ್ಡೆಯನ್ನೂ ಕಂಕುಳಿನ ಎರಡು ಗ್ರಂಥಿಗಳನ್ನೂ ತೆಗೆದವನು ನೀನೇ. ಗ್ರಂಥಿಗಳಲ್ಲಿ ಕ್ಯಾನ್ಸರ್ ಇಲ್ಲ ಎಂದು ನಮ್ಮ ವಿಭಾಗ ವರದಿ ಕೊಟ್ಟಿದೆ. ಅದನ್ನು ನಂಬಿ ನೀನು, ಕಂಕುಳಿಗೆ ಇನ್ನೇನೂ ಮಾಡೋದು ಬೇಡಮ್ಮ ಅನ್ನುತ್ತೀಯ, ಅವಳು ಕೈಮುಗಿದು ಹೋಗುತ್ತಾಳೆ. ಆ ವರದಿ ತಪ್ಪು. ಒಂದು ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ. ನಾನು ನೋಡಿದ್ದೇನೆ.

ಹೇಗೆ ತಪ್ಪಾಯಿತು ಎಂದು ನೀನು ಕೇಳಿಯೇ ಕೇಳುತ್ತೀಯ. ಮೊದಲಿನಿಂದ ಹೇಳುತ್ತೇನೆ.

ನಾನು ಈ ಫೆಲೋಶಿಪ್‌ಗೆ ಅರ್ಜಿ ಹಾಕಿದಾಗ ನಿನ್ನ ಅಮ್ಮ ಕೇಳಿದ್ದರಲ್ಲ, ಡಾಕ್ಟರ್ ಆಗಿ, ಅದರ ಮೇಲೆ ಇನ್ನೊಂದು ಡಾಕ್ಟರ್ ಆಗಿ, ಇನ್ನೂ ಏನು ಓದೋದಮ್ಮ ಅಂತ. ಒಂದು ವರ್ಷ ಪೂರ್ತಿ ಸ್ತನದ ಕಾಯಿಲೆಯನ್ನಷ್ಟೇ ನೋಡಿ ಕಲಿಯುವುದು ಅತ್ತೆ, ಅಂದರೆ ಅವರು ಬಾಗಿಲು ಮುಚ್ಚಿ ಮೆಲ್ಲಗೆ ಮಾತಾಡು ಅಂದರು. ನಗು ಬಂದಿತ್ತು ಆಗ. ಈ ಕೋಣೆಗೆ ಬಂದಮೇಲೆ ನಗು ಬತ್ತಿಹೋಯಿತು.

ನಮ್ಮ ಮುಖ್ಯಸ್ಥರನ್ನು ನೀನು ಸಭೆಗಳಲ್ಲಿ ನೋಡಿದ್ದೀಯ. ವೇದಿಕೆ ಹತ್ತಿದರೆ ತಾಯಂದಿರು, ಸಹೋದರಿಯರು ಎಂದು ಗಂಟಲು ಗದ್ಗದವಾಗುತ್ತದೆ. ಇಲ್ಲಿ ಅದೇ ಮನುಷ್ಯ ಬೆರಳಿಗೆ ಉಗುಳು ಹಚ್ಚಿ ರೋಗಿಗಳ ಕಾಗದ ತಿರುವುತ್ತಾರೆ. ಮೈಕ್ರೋಸ್ಕೋಪಿನ ಕೆಳಗೆ ಒಬ್ಬ ಹೆಂಗಸಿನ ಮೈಯ ತುಣುಕಿದ್ದರೆ ಪಕ್ಕದಲ್ಲೇ ಬಿಸ್ಕತ್ತಿನ ಪುಡಿ. ನೀವು ಸರ್ಜನ್‌ಗಳು ಕತ್ತರಿಸಿ ಕಳಿಸಿದ್ದು ದೊಡ್ಡದಾಗಿದ್ದರೆ ತೂಕದ ತಟ್ಟೆಯ ಮುಂದೆ ನಿಂತು ಅವರು ಹೇಳುವ ಹಾಸ್ಯವನ್ನು ನಾನು ಬರೆಯಲಾರೆ. ಮೊದಲ ತಿಂಗಳು ಮನೆಗೆ ಹೋಗಿ ಎರಡೆರಡು ಸಲ ಸ್ನಾನ ಮಾಡುತ್ತಿದ್ದೆ. ಫಾರ್ಮಲಿನ್ ವಾಸನೆ ಹೋಗುತ್ತಿತ್ತು, ಇದು ಹೋಗುತ್ತಿರಲಿಲ್ಲ.

ಇಲ್ಲಿ ನಡೆಯಬೇಕಾದ ಪದ್ಧತಿ ಹೀಗೆ. ಸ್ಲೈಡುಗಳನ್ನೆಲ್ಲ ಮೊದಲು ಫೆಲೋ ನೋಡಬೇಕು. ಅನುಮಾನ ಬಂದ ಕಡೆ ಗಾಜಿನ ಮೇಲೆ ನೀಲಿ ಪೆನ್ನಿನಿಂದ ಚುಕ್ಕಿ ಇಡಬೇಕು. ಆಮೇಲೆ ಆ ಚುಕ್ಕಿಗಳನ್ನು ಸ್ಪಿರಿಟ್ಟಿನಿಂದ ಒರೆಸಿ ಮುಖ್ಯಸ್ಥರ ಮುಂದೆ ಇಡಬೇಕು, ಅವರು ತಮ್ಮ ಕಣ್ಣಿನಿಂದ ಹೊಸದಾಗಿ ನೋಡಿ ಹೇಳಬೇಕು ಎಂಬುದು ನಿಯಮ. ಹಾಗೆ ನೋಡಿದರೆ ತಾನೆ ಒಬ್ಬರು ಬಿಟ್ಟದ್ದು ಇನ್ನೊಬ್ಬರಿಗೆ ಸಿಗುವುದು? ನಮ್ಮವರು ಆ ನಿಯಮವನ್ನು ಎಂದೋ ಗಾಳಿಗೆ ತೂರಿದ್ದಾರೆ. ಚುಕ್ಕಿ ಇದ್ದರೆ ಅಲ್ಲಿ ನೋಡುತ್ತಾರೆ, ಇಲ್ಲದಿದ್ದರೆ ಸರ್ರನೆ ಸ್ಲೈಡ್ ಸರಿಸಿ ಸಹಿ ಹಾಕುತ್ತಾರೆ. ನಾವು ಫೆಲೋಗಳು ಅವರಿಗೆ ಇಟ್ಟ ಹೆಸರು ಚುಕ್ಕಿ ಸಾಹೇಬರು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಹತ್ತು ತಿಂಗಳು ಕೂತು ನೋಡಿದ್ದೇನೆ.

ಎರಡನೇ ತಾರೀಖು, ಸೋಮವಾರ, ಆ ಹೆಂಗಸಿನ ಸ್ಲೈಡುಗಳು ಬಂದವು. ಅವಳದು ಒಂಟಿ ಒಂಟಿಯಾಗಿ ಚದುರುವ ಜಾತಿಯ ಕ್ಯಾನ್ಸರ್. ಗ್ರಂಥಿಯೊಳಗೆ ಹೊಕ್ಕರೆ ಧಾನ್ಯದಲ್ಲಿ ಅದೇ ಬಣ್ಣದ ಕಲ್ಲು ಬೆರೆತ ಹಾಗೆ, ತಾಳ್ಮೆಯಿಂದ ಆರಿಸಿದವರಿಗಷ್ಟೇ ಸಿಗುತ್ತದೆ. ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಎರಡು ಮಿಲಿಮೀಟರ್ ದಾಟಿದ ಜಾಗ, ಬಿಟ್ಟುಬಿಡುವ ಅಳತೆಯಲ್ಲ. ಚುಕ್ಕಿ ಇಟ್ಟೆ, ನನ್ನ ನೋಟ್‌ಬುಕ್ಕಿನಲ್ಲಿ ಬರೆದೆ. ಮುಖ್ಯಸ್ಥರ ಮುಂದೆ ಹೋಗುವಷ್ಟರಲ್ಲಿ ಆ ಚುಕ್ಕಿ ಒರೆಸಿಹೋಗಿತ್ತು. ನಮ್ಮ ಗಾಜಿನ ಮಾಮ ನಿನಗೆ ಗೊತ್ತಲ್ಲ, ಸ್ಲೈಡ್ ಒರೆಸಿ ಜೋಡಿಸುವ ಮುದುಕ. ಹಳೆಯ ಕಾಲದವನು, ಯಾರು ಬೇಡವೆಂದರೂ ಆಗಾಗ ನಿಯಮದ ಪ್ರಕಾರ ಒರೆಸಿಬಿಡುತ್ತಾನೆ.

ನಮ್ಮದು ಇಬ್ಬರು ಎದುರು ಬದುರು ಕೂತು ನೋಡುವ ಮೈಕ್ರೋಸ್ಕೋಪ್. ಸ್ಲೈಡನ್ನು ಸರಿಸುವವರು ಅವರು, ಅವರು ಕಂಡದ್ದೇ ನನಗೂ ಕಾಣುತ್ತದೆ. ಆ ಜಾಗ ನನ್ನ ಕಣ್ಣೆದುರೇ ಹಾದುಹೋಯಿತು. ಎಂಟು ಸೆಕೆಂಡು. ಏನೂ ಇಲ್ಲ, ಕ್ಲೀನ್, ಮುಂದಿನದು ಕೊಡಮ್ಮ ಅಂದರು. ನಾನು ಮುಂದಿನದು ಕೊಟ್ಟೆ.

ಯಾಕೆ ಸುಮ್ಮನಿದ್ದೆ ಅಂತ ಕೇಳು. ನನ್ನ ಫೆಲೋಶಿಪ್ಪಿನ ಮೌಲ್ಯಮಾಪನಕ್ಕೆ ಅವರ ಸಹಿ ಬೀಳುವುದಿತ್ತು. ಅದು ಬಿದ್ದರೆ ಸರ್ಟಿಫಿಕೇಟ್, ಬೀಳದಿದ್ದರೆ ಒಂದು ವರ್ಷ ನೀರಲ್ಲಿ ಹೋಮ. ಮನೆಯನ್ನೂ ನಿನ್ನನ್ನೂ ಬಿಟ್ಟು ಬಂದವಳಿಗೆ ಉಳಿದದ್ದು ಅದೊಂದೇ. ಹೋದ ಮಂಗಳವಾರ ಸಹಿ ಬಿತ್ತು. ಬುಧವಾರ ಹೇಳಿಬಿಡೋಣ ಅಂದುಕೊಂಡೆ. ಬುಧವಾರವೂ ಹೇಳಲಿಲ್ಲ. ನೋಡು, ಸಹಿಯೊಂದೇ ಕಾರಣವಾಗಿದ್ದರೆ ಬುಧವಾರ ಬಾಯಿ ಬರಬೇಕಿತ್ತು.

ಗುರುವಾರ ಅವಳೇ ಬಂದಳು. ವರದಿಯ ಪ್ರತಿ ತೆಗೆದುಕೊಳ್ಳಲು ನಮ್ಮ ಕಿಟಕಿಯ ಮುಂದೆ ನಿಂತಿದ್ದಳು. ಗುಮಾಸ್ತ ಊಟಕ್ಕೆ ಹೋಗಿದ್ದ, ನಾನೇ ಕೊಟ್ಟೆ. ಕ್ಲೀನ್ ಅಂತ ಬರೆದಿದೆಯಂತೆ, ಹೌದಾ ಮೇಡಂ, ಓದಿ ಹೇಳಿ ಅಂದಳು. ಅದರಲ್ಲಿ ಬರೆದದ್ದನ್ನೇ ನಾನು ಓದಿದೆ. ಅಷ್ಟರಲ್ಲಿ ನನ್ನ ಕೋಟಿನ ಜೇಬು ಹರಿದು ನೀಲಿ ಪೆನ್ನು ನೆಲಕ್ಕೆ ಬಿತ್ತು. ಅಯ್ಯೋ, ಇಷ್ಟು ದೊಡ್ಡ ಡಾಕ್ಟ್ರು, ಹರಕಲು ಜೇಬು ಇಟ್ಕೊಂಡಿದೀರಲ್ಲ, ಕೊಡಿ ಇಲ್ಲಿ ಅಂತ ಕೋಟು ಬಿಚ್ಚಿಸಿಕೊಂಡಳು. ಸೆರಗಿನಲ್ಲಿ ಸಿಕ್ಕಿಸಿದ್ದ ಸೂಜಿ ತೆಗೆದು ಬೆಂಚಿನ ಮೇಲೆ ಕೂತು ಹೊಲಿದಳು. ಎಡಗೈ ಇನ್ನೂ ಮೇಲಕ್ಕೆ ಎತ್ತಲಾಗದೆ ಕೋಟನ್ನು ತೊಡೆಗೆ ಒತ್ತಿ ಹಿಡಿದಿದ್ದಳು. ಸೋಮವಾರ ನಮ್ ಡಾಕ್ಟ್ರು ಸರಿ ಅಂದ್ಬಿಟ್ರೆ ಮತ್ತೆ ಮೆಷಿನ್ ಮೇಲೆ ಕೂರ್ತೀನಿ, ಗಿರಾಕಿಗಳು ಕಾಯ್ತಾ ಇದಾರೆ ಅಂದಳು. ಆ ಕೋಟು ಈಗಲೂ ನನ್ನ ಮೈಮೇಲಿದೆ.

ಅವಳು ಹೋದ ತಕ್ಷಣ ಆ ಗ್ರಂಥಿಯ ಇನ್ನೊಂದು ಪದರ ಕತ್ತರಿಸಿ ಬೇರೆ ಬಣ್ಣ ಹಾಕಿಸಿದೆ. ಆ ಬಣ್ಣದಲ್ಲಿ ಕ್ಯಾನ್ಸರ್ ಕಣಗಳು ಮಾತ್ರ ಕಂದು ಬಣ್ಣವಾಗುತ್ತವೆ. ಕಂದಾದವು. ನಿನ್ನೆ ಬೆಳಿಗ್ಗೆ ಎರಡೂ ಸ್ಲೈಡುಗಳನ್ನು ಮುಖ್ಯಸ್ಥರ ಮುಂದೆ ಇಟ್ಟೆ. ಈ ಸಲ ನಿಧಾನವಾಗಿ ನೋಡಿದರು. ಕಂಡಿತು ಅವರಿಗೆ. ಕಣ್ಣು ಎತ್ತಿ ಅಂದದ್ದು ಇಷ್ಟು: ಮುಂದಿನ ವಾರ ತಪಾಸಣೆ ತಂಡ ಬರ್ತಿದೆ, ಈಗ ವರದಿ ತಿದ್ದಿದ್ರೆ ಇಡೀ ವಿಭಾಗದ ಮಾನ ಹೋಗುತ್ತೆ, ಎರಡು ಮಿಲಿಮೀಟರಿಗೆ ಡಂಗುರ ಹೊಡಿಬೇಡಮ್ಮ. ಆಮೇಲೆ ಮಾಮನನ್ನು ಕರೆಸಿ, ಚುಕ್ಕಿ ಒರೆಸಿದ್ದು ನೀನೇ ತಾನೆ ಎಂದು ಗದರಿದರು. ನಾನು ಅಲ್ಲೇ ನಿಂತಿದ್ದೆ. ಮಾಮ ತಲೆ ತಗ್ಗಿಸಿ, ಒರೆಸಿರಬೌದು ಸಾರ್, ನಾನೇ ತಾನೆ ಒರೆಸೋನು ಅಂದ. ಇವತ್ತು ಅವನನ್ನು ನೆಲಮಾಳಿಗೆಯ ಉಗ್ರಾಣಕ್ಕೆ ಹಾಕಿ ಆದೇಶ ಬಂದಿದೆ. ನಾಳೆ ಏನಾದರೂ ಹೊರಬಿದ್ದರೆ ತೋರಿಸಲು ಒಬ್ಬ ಬೇಕಲ್ಲ.

ಫೆಲೋಗೆ ಸಹಿಯ ಹಕ್ಕಿಲ್ಲ, ವರದಿ ತಿದ್ದಲು ನನ್ನಿಂದಾಗದು. ನಿನ್ನಿಂದಾಗುತ್ತದೆ. ಸರ್ಜನ್ ಒಂದು ಸಾಲು ಬರೆದು ಮರುಪರೀಕ್ಷೆ ಕೇಳಿದರೆ ಸ್ಲೈಡ್ ಹೊರಗಿನ ಇನ್ನೊಬ್ಬ ತಜ್ಞರ ಬಳಿ ಹೋಗಲೇಬೇಕು, ಚುಕ್ಕಿ ಸಾಹೇಬರ ಅಪ್ಪನೂ ತಡೆಯಲಾರ. ಎರಡೂ ಸ್ಲೈಡುಗಳನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಈ ಸಲ ಶಾಯಿಯ ಚುಕ್ಕಿ ಇಟ್ಟಿಲ್ಲ. ವಜ್ರದ ಮೊನೆಯ ಪೆನ್ಸಿಲಿನಿಂದ ಗಾಜನ್ನೇ ಗೀರಿದ್ದೇನೆ, ಯಾರು ಒರೆಸಿದರೂ ಹೋಗುವುದಿಲ್ಲ.

ನೀನು ಮಾಡುತ್ತೀಯೋ ಇಲ್ಲವೋ ಎಂಬ ಅನುಮಾನ ನನಗಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಮನೆ ಮುರಿದದ್ದೇ ಇಂಥದ್ದರಿಂದ. ತೆಗೆದ ಗಡ್ಡೆಯ ಯಾವ ಬದಿ ಯಾವುದೆಂದು ನಮಗೆ ತಿಳಿಯಲು ಮೇಲ್ಭಾಗಕ್ಕೆ ಗಿಡ್ಡ ದಾರ, ಪಕ್ಕಕ್ಕೆ ಉದ್ದ ದಾರ ಕಟ್ಟಿ ಕಳಿಸಬೇಕಾದವನು ನೀನು ಅದಲು ಬದಲು ಮಾಡಿದೆ. ಸಿಕ್ಕಿಬಿದ್ದಾಗ ದಾರ ಕೊಟ್ಟ ಸಿಸ್ಟರ್ ಮೇಲೆ ಹಾಕಿದೆ. ಆ ಹುಡುಗಿ ಅಳುತ್ತಾ ಕೆಲಸ ಬಿಟ್ಟಳು. ತಾನು ತಿಂದು ಮೇಕೆಯ ಬಾಯಿಗೆ ಒರೆಸುವ ಕೋತಿ ನೀನು, ನಿನ್ನ ಪಕ್ಕ ಮಲಗಲು ನನಗೆ ಅಸಹ್ಯ ಎಂದು ನಿನ್ನ ಅಮ್ಮನ ಮುಂದೆಯೇ ಅಂದು ಬಂದವಳು ನಾನು. ಆ ಮಾತನ್ನು ಇವತ್ತಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೂ ಸೋಮವಾರ ಬೆಳಿಗ್ಗೆ ಆ ಕುರ್ಚಿಯಲ್ಲಿ ಕೂರುವವನು ನೀನು. ಅವಳ ಮುಖ ನೋಡಿ ಮಾತಾಡು.

ಒಂದು ಕಾಲಕ್ಕೆ ನಿನ್ನ ಮನೆಯವಳು,
ಈಗ ಎರಡನೇ ಮಹಡಿಯ ಫೆಲೋ

ಮರೆತದ್ದು:

ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆ ಅಂಟಿಸಿ ಮಾಮನ ಕೈಗೆ ಕೊಟ್ಟಾಗಿತ್ತು. ನಿನ್ನ ಮಹಡಿಗೆ ಸ್ಲೈಡ್ ಒಯ್ಯುವವನು ಅವನೇ ತಾನೆ, ಈ ಮಹಡಿಯಲ್ಲಿ ಅವನ ಕೊನೆಯ ದಿನ ಇವತ್ತು. ಮೆಟ್ಟಿಲ ತನಕ ಹೋದವನು ತಿರುಗಿ ಬಂದು, ಡಾಕ್ಟ್ರಮ್ಮಾ, ಇದರಲ್ಲಿ ನಿಮ್ ತಪ್ಪು ಅಂತ ಏನೂ ಬರೀಬೇಡಿ, ನನ್ ಕೈ ತಪ್ಪು ಅಂತಲೇ ಬರೀರಿ, ನನಗೆ ಹೇಗೂ ವಯಸ್ಸಾಯ್ತು ಅಂದ. ಹಾಗೇ ಬರೆದಿದ್ದೆ. ಲಕೋಟೆ ಇಸಿದುಕೊಂಡು ಹರಿದೆ.

ಎರಡನೇ ತಾರೀಖು ಮಾಮ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದ. ಹಾಜರಿ ಪುಸ್ತಕದಲ್ಲಿದೆ, ಅವನಿಗೆ ನೆನಪಿಲ್ಲ, ಯಾರೂ ತೆರೆದು ನೋಡಿಲ್ಲ. ಚುಕ್ಕಿ ಒರೆಸಿದವಳು ನಾನು. ಚುಕ್ಕಿ ಸಾಹೇಬರು ನೋಡದೆ ಸಹಿ ಹಾಕುತ್ತಾರೆಂದು ಸಾಕ್ಷಿ ಸಮೇತ ಹಿಡಿಯಬೇಕು ಅನ್ನಿಸಿತ್ತು. ಯಾವ ಸ್ಲೈಡಾದರೂ ಆಗುತ್ತಿತ್ತು, ಕೈಗೆ ಸಿಕ್ಕಿದ್ದು ಅವಳದು. ಅವರು ಕ್ಲೀನ್ ಅಂದಾಗ ನನಗೆ ಖುಷಿಯಾಯಿತು. ಹೌದು, ಖುಷಿ. ಆಮೇಲೆ ಬಾಯಿ ಬಿಟ್ಟರೆ ಒರೆಸಿದ್ದು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಬುಧವಾರ ಬಾಯಿ ಬಾರದ್ದು ಅದಕ್ಕೆ.

ಮೇಲೆ ನಿನಗೆ ಅಂದದ್ದನ್ನೆಲ್ಲ ನಾನು ಹೊಡೆದುಹಾಕಿಲ್ಲ. ಅದನ್ನು ಇನ್ನೊಂದು ಸಲ ಓದು, ನನ್ನನ್ನು ಸೇರಿಸಿಕೊಂಡು.

ಮಾಮ ಈಗ ನಿನ್ನ ಬಾಗಿಲಲ್ಲಿ ನಿಂತಿರುತ್ತಾನೆ. ಅವನಿಗೆ ಓದಲು ಬಾರದು, ನಾನು ಬಾಯಿಬಿಟ್ಟು ಹೇಳಲೂ ಇಲ್ಲ. ಒಳಗೆ ಕರೆದು ಕೂರಿಸಿ ಈ ಕೊನೆಯ ಪುಟವನ್ನು ಅವನಿಗೆ ಓದಿ ಹೇಳು. ನಿಧಾನವಾಗಿ ಓದು, ಅವನಿಗೆ ಕಿವಿ ಸ್ವಲ್ಪ ಮಂದ.